ಒಂದು ಅಕ್ಕಿಕಾಳಿನಷ್ಟು ಎಡಕ್ಕೆ

ಮೈಸೂರಿನವರು ಸಿನಿಮಾ ನೋಡುವ ರೀತಿಯೇ ಬೇರೆ. ಬೇರೆ ಊರಿನವರು ಕಥೆ ನೋಡುತ್ತಾರೆ, ನಾವು ಮೊದಲು ಜಾಗ ನೋಡುತ್ತೇವೆ. ನಾಯಕಿ ಬೆಟ್ಟದ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರೆ ಅವಳ ಹಿಂದೆ ನಂದಿ ಕಾಣುತ್ತದೆಯೇ ಎಂದು ಕತ್ತು ಚಾಚುತ್ತೇವೆ. ನಾಯಕನ ಕಾರು ಅರಮನೆಯ ಬಾಗಿಲ ಮುಂದೆ ತಿರುಗಿ ಮರುಕ್ಷಣವೇ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬಂದರೆ, ಥಿಯೇಟರಿನಲ್ಲಿ ಒಬ್ಬನಾದರೂ ‘ಅದೆಂಗ್ ಬಂದ್ಬುಟ್ಟ ಅಲ್ಲಿಗೆ’ ಎನ್ನುತ್ತಾನೆ, ಸುತ್ತಲಿನವರು ನಗುತ್ತಾರೆ. ಪರದೆಯ ಮೇಲೆ ನಮ್ಮ ಊರು ಎಷ್ಟೋ ಊರುಗಳ ವೇಷ ಹಾಕಿದೆ. ಒಂದು ಸಿನಿಮಾದಲ್ಲಿ ಉತ್ತರದ ಯಾವುದೋ ಸಂಸ್ಥಾನ, ಇನ್ನೊಂದರಲ್ಲಿ ಮದರಾಸಿನ ರೈಲ್ವೆ ಸ್ಟೇಷನ್ನು. ವೇಷ ಯಾವುದಾದರೂ ನಮಗೆ ಮುಖ ಗೊತ್ತಾಗಿಬಿಡುತ್ತದೆ. ನಮ್ಮಪ್ಪನಿಗೆ ಮಾತ್ರ ಇಂಥದ್ದು ನಗುವ ವಿಷಯವಾಗಿರಲಿಲ್ಲ. ಅವರು ಮನೆಗೆ ಬಂದು ನನ್ನ ಸ್ಲೇಟಿನ ಮೇಲೆ ಅರಮನೆಯಿಂದ ಕೆರೆಗೆ ಹೋಗುವ ಸರಿಯಾದ ದಾರಿಯನ್ನು ಬರೆದು ತೋರಿಸಿ, ಆಮೇಲೆ ಕೈಕಾಲು ತೊಳೆಯಲು ಹೋಗುತ್ತಿದ್ದರು.

ಹೋದ ತಿಂಗಳು ನಮ್ಮ ಬಾಗಿಲಿಗೆ ಒಬ್ಬ ಹುಡುಗ, ಒಬ್ಬಳು ಹುಡುಗಿ ಬಂದರು. ಸರಸ್ವತಿಪುರಂನ ಯಾವುದೋ ಟ್ಯುಟೋರಿಯಲ್ಲಿನಲ್ಲಿ ಓದುತ್ತಾರಂತೆ. ಭಾನುವಾರಗಳಂದು ಹಳೆಯ ಸಿನಿಮಾಗಳನ್ನು ತೆಗೆದ ಜಾಗಗಳನ್ನು ಹುಡುಕಿಕೊಂಡು ಹೋಗುವುದು, ಫೋನಿನಲ್ಲಿ ಆ ದೃಶ್ಯವನ್ನು ನಿಲ್ಲಿಸಿ ಜಾಗದ ಪಕ್ಕಕ್ಕೆ ಹಿಡಿದು ಫೋಟೋ ತೆಗೆಯುವುದು ಅವರ ಹವ್ಯಾಸ. ಇಂಥವರು ವರ್ಷಕ್ಕೆ ಹತ್ತಿಪ್ಪತ್ತು ಜನ ಬರುತ್ತಾರೆ. ನಾನು ಯಾರಿಗೂ ಇಲ್ಲ ಎನ್ನುವುದಿಲ್ಲ. ಹುಡುಗಿ ಹಜಾರದಲ್ಲಿ ನಿಂತು ಫೋನನ್ನು ಮುಖದ ಮುಂದೆ ಹಿಡಿದು ಎರಡು ಹೆಜ್ಜೆ ಹಿಂದೆ ಹೋದಳು, ಅರ್ಧ ಹೆಜ್ಜೆ ಮುಂದೆ ಬಂದಳು. ಫೋನಿನೊಳಗಿನ ಕಂಬವೂ ನಮ್ಮ ಮನೆಯ ಕಂಬವೂ ಒಂದೇ ಗೆರೆಗೆ ಬಂದವು. ಅವಳ ಮುಖದಲ್ಲಿ ಬಂದ ಸಂತೋಷವನ್ನು ನೋಡಿ ನನಗೆ ಅಪ್ಪನ ನೆನಪಾಯಿತು. ಅಷ್ಟರಲ್ಲಿ ಹುಡುಗ ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದ.

“ಆಂಟಿ, ಹಿಂದೆ ದೀಪಕ್ಕೆ ಎಣ್ಣೆ ಹಾಕ್ತಾರಲ್ಲ, ಈ ಆರ್ಟಿಸ್ಟ್ ಯಾರು? ಟೈಟಲಲ್ಲಿ ಹೆಸರೇ ಇಲ್ಲ.”

“ನಮ್ಮಮ್ಮ” ಎಂದೆ.

“ಹೌದಾ? ಬೊಟ್ಟು ಮಧ್ಯಕ್ಕಿಲ್ಲ ನೋಡಿ. ಮೇಕಪ್‌ನೋರು ಸರಿಯಾಗಿ ನೋಡಿಲ್ಲ ಅನ್ಸುತ್ತೆ.”

“ಸರಿಯಾಗೇ ನೋಡಿದ್ದಾರೆ ಕಣಪ್ಪ.”

ಅವನು ನನ್ನ ಮುಖ ನೋಡಿದ. ನಾನು ಇಬ್ಬರಿಗೂ ಕಾಫಿ ಕೊಟ್ಟು ಕಳಿಸಿದೆ. ಅವರು ಬಿಸಿಲು ಇಳಿಯುವ ಮೊದಲು ಬೆಟ್ಟ ಹತ್ತಬೇಕಿತ್ತು. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಮಾತೂ ಅದಾಗಿರಲಿಲ್ಲ.

ನಮ್ಮದು ಅಗ್ರಹಾರದ ಮನೆ. ಬೀದಿಗೆ ಜಗಲಿ, ಜಗಲಿಯಿಂದ ಹಜಾರ, ಹಜಾರದ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ತೊಟ್ಟಿಯ ನಾಲ್ಕು ಮೂಲೆಗೆ ನಾಲ್ಕು ಮರದ ಕಂಬ. ಅದರಾಚೆ ಒಂದು ಮೆಟ್ಟಿಲಷ್ಟು ಎತ್ತರದಲ್ಲಿ ನಡುಮನೆ, ಅದರ ಗೋಡೆಯಲ್ಲಿ ದೇವರ ಗೂಡು. ಎಡಕ್ಕೆ ಅಡುಗೆಮನೆ, ಹಿಂದೆ ಬಚ್ಚಲು, ಹಿತ್ತಿಲು. ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪ ಡ್ರಾಯಿಂಗ್ ಮೇಷ್ಟ್ರು. ಅವರಕ್ಕ, ನನ್ನ ಅತ್ತೆ, ಹತ್ತೊಂಬತ್ತನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಬಂದು ನಮ್ಮಲ್ಲೇ ಇದ್ದವರು. ಆಮೇಲೆ ಅಮ್ಮ, ನಾನು. ನನಗೆ ಆಗ ಹತ್ತು ವರ್ಷ. ಮನೆಯಲ್ಲಿ ದಿನಕ್ಕೊಂದು ಜಗಳವಿರುತ್ತಿತ್ತು, ಅದು ಹೆಚ್ಚಾಗಿ ಅಳತೆಯ ಜಗಳ. ಅಪ್ಪನಿಗೆ ಗೋಡೆಯ ಪಟ ಒಂದು ಎಳೆ ವಾಲಿದರೂ ಊಟ ರುಚಿಸುತ್ತಿರಲಿಲ್ಲ. ಅಮ್ಮನದು ಎಲ್ಲವೂ ಕೈಯಂದಾಜು. ಹುಳಿಗೆ ಉಪ್ಪು, ರಂಗೋಲಿಯ ಎಳೆ, ಜಡೆಯ ಬೈತಲೆ ಯಾವುದಕ್ಕೂ ಅವಳು ಎರಡನೇ ಸಲ ನೋಡಿದವಳಲ್ಲ. ಕುಂಕುಮವನ್ನೂ ಕನ್ನಡಿಯಿಲ್ಲದೆ ಇಟ್ಟುಕೊಳ್ಳುತ್ತಿದ್ದಳು. ಬಚ್ಚಲಿಂದ ಬಂದವಳು ಭರಣಿಗೆ ಬೆರಳು ಅದ್ದಿ ಹಣೆಗೆ ಒತ್ತಿ ಒಲೆಯ ಮುಂದೆ ಕೂತುಬಿಡುತ್ತಿದ್ದಳು. ಕಾಫಿಯ ಡಿಕಾಕ್ಷನ್ನು ನಿನ್ನೆಗಿಂತ ತೆಳುವಾಯಿತು ಎಂದು ಅತ್ತೆ ಹೇಳಿದರೆ, ‘ನಿನ್ನೆಯದು ನಿನ್ನೆಗಾಯ್ತಲ್ಲ ಅಕ್ಕ’ ಎನ್ನುತ್ತಿದ್ದಳು.

ಅವರೆಕಾಯಿಯ ಕಾಲ. ಮನೆತುಂಬ ಸೊಗಡಿನ ವಾಸನೆ. ಆಗ ಸಿನಿಮಾದವರು ಬಂದರು. ಮುಂದಾಗಿ ಬಂದವರು ಶಿವರಾಜು ಎಂಬ ಸಹಾಯಕ ನಿರ್ದೇಶಕರು, ಮಂಡ್ಯದ ಕಡೆಯವರು. ಬೀದಿಯ ಹದಿನಾರು ಮನೆ ನೋಡಿ ನಮ್ಮದನ್ನು ಒಪ್ಪಿದ್ದರು. ಸುಣ್ಣ ಬಳಿಯಬೇಡಿ, ಏನನ್ನೂ ಸಿಂಗರಿಸಬೇಡಿ, ಇರುವ ಹಾಗೇ ಇರಲಿ ಎಂದು ಅವರು ಹೇಳಿದ ಮಾತಿಗೇ ಅಪ್ಪ ಸೋತುಹೋದರು. ಅತ್ತೆ ಮಾತ್ರ ಎರಡು ಷರತ್ತು ಹಾಕಿದರು. ಚಪ್ಪಲಿ ಕಾಲಲ್ಲಿ ಯಾರೂ ನಡುಮನೆಯ ಮೆಟ್ಟಿಲು ಹತ್ತಕೂಡದು. ಸಂಜೆಯ ದೀಪ ಹೊತ್ತಿಗೆ ಸರಿಯಾಗಿ ಹತ್ತಬೇಕು, ಹತ್ತಿದ್ದು ಆರಕೂಡದು. ಒಂದು ವಾರ ಹಜಾರದಲ್ಲಿ ವೈರುಗಳು ಹಾವಿನಂತೆ ಬಿದ್ದಿದ್ದವು. ನಾವು ಹಿತ್ತಿಲ ಬಾಗಿಲಿನಿಂದ ಓಡಾಡಿದೆವು, ಅಡುಗೆಮನೆಯಲ್ಲೇ ಉಂಡೆವು. ಅಗ್ರಹಾರದ ಹುಡುಗರೆಲ್ಲ ನಮ್ಮ ಜಗಲಿಯ ಮೇಲೆ. ನಾನು ಮಾತ್ರ ಒಳಗೆ. ಆ ವಾರದಷ್ಟು ದೊಡ್ಡವಳು ನಾನು ಮತ್ತೆಂದೂ ಆಗಲಿಲ್ಲ.

ಕೊನೆಯ ದಿನ, ಸಂಕ್ರಾಂತಿಯ ಹಿಂದಿನ ಗುರುವಾರ, ಸಂಜೆ ಆರು ಗಂಟೆ. ನಾಯಕಿ ಕಂಬಕ್ಕೊರಗಿ ಕಾಗದ ಓದುವ ದೃಶ್ಯ. ಅವಳ ಹಿಂದೆ ನಡುಮನೆಯ ಗೂಡಿನಲ್ಲಿ ಅಮ್ಮ ಹಚ್ಚಿಟ್ಟ ದೀಪ. ಅಮ್ಮ, ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದೆವು. ಉಸಿರಾಡುವುದೂ ಕೇಳಬಾರದು ಎಂದು ಶಿವರಾಜು ಹೇಳಿಹೋಗಿದ್ದರು. ಅಪ್ಪ ಕ್ಯಾಮೆರಾದ ಹಿಂದೆ, ಕೈಕಟ್ಟಿಕೊಂಡು. ನಾಯಕಿ ಓದುತ್ತಿದ್ದಾಳೆ. ದೀಪ ಒಮ್ಮೆ ಕುಗ್ಗಿತು, ಎದ್ದಿತು, ಮತ್ತೆ ಕುಗ್ಗಿತು. ನನ್ನ ಪಕ್ಕದಲ್ಲಿದ್ದ ಅಮ್ಮ ಇಲ್ಲವಾಗಿದ್ದಳು. ನೋಡಿದರೆ, ಎಣ್ಣೆಯ ಗಿಂಡಿ ಹಿಡಿದುಕೊಂಡು ಕ್ಯಾಮೆರಾದ ಎದುರೇ ನಡೆದುಹೋಗುತ್ತಿದ್ದಾಳೆ. ಗೂಡಿನ ಮುಂದೆ ನಿಂತು ಎಣ್ಣೆ ಹಾಕಿದಳು, ಬತ್ತಿ ಮುಂದೆ ಮಾಡಿದಳು, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡಳು, ತಿರುಗಿದಳು. ಅಷ್ಟರಲ್ಲಿ ಎಲ್ಲೋ ಒಂದು ದೊಡ್ಡ ಬಲ್ಬು ಸಿಡಿದು ಹಜಾರ ಕತ್ತಲಾಯಿತು. ಅಪ್ಪ ಅವಮಾನದಿಂದ ಕೆಂಪಾಗಿದ್ದರು. ಅಮ್ಮನಿಗೆ ತಪ್ಪೇನೆಂದೇ ತಿಳಿಯಲಿಲ್ಲ. ‘ಅವರು ತೆಗೀತಿದ್ದದ್ದು ಆ ಹುಡುಗೀನಲ್ವಾ? ದೀಪ ನನ್ನದು’ ಎಂದಳು. ನಿರ್ದೇಶಕರು, ಹೆಚ್ಚು ಮಾತಾಡದ ಮನುಷ್ಯ, ಎದ್ದು ಬಂದು ಅಮ್ಮನಿಗೆ ಕೈಮುಗಿದರು. ನಾನು ಬರೆದ ದೃಶ್ಯದಲ್ಲಿ ಇದೇ ಇರಲಿಲ್ಲ, ಇದು ಇರಲಿ ಎಂದರು. ಅಮ್ಮ ಗೂಡಿನಿಂದ ತಿರುಗಿ ಬಂದು ನಾಯಕಿಯ ಹೆಗಲ ಮೇಲೆ ಕೈಯಿಟ್ಟು ಒಳಗೆ ಹೋಗುವ ಭಾಗವನ್ನು ಅವರು ಅಲ್ಲೇ ಯೋಚಿಸಿ ಸೇರಿಸಿದರು. ಆದರೆ ಬಲ್ಬು ಹೋಗಿತ್ತು, ನಾಯಕಿ ಆ ಸಂಜೆಯೇ ಬೇರೊಂದು ಚಿತ್ರಕ್ಕೆ ಹೊರಡಬೇಕಿತ್ತು. ಉಳಿದದ್ದನ್ನು ಎರಡು ತಿಂಗಳು ಬಿಟ್ಟು ಬಂದು ತೆಗೆಯುವುದೆಂದಾಯಿತು. ಅಲ್ಲಿಯವರೆಗೆ ಹಜಾರದಲ್ಲಿ, ನಡುಮನೆಯಲ್ಲಿ ಒಂದು ಕಡ್ಡಿಯೂ ಬದಲಾಗಬಾರದು ಎಂದು ಶಿವರಾಜು ಕೇಳಿಕೊಂಡರು. ಬದಲಾದರೆ ಅರ್ಧ ದೃಶ್ಯ ಒಂದು ಮನೆಯಲ್ಲಿ, ಅರ್ಧ ಇನ್ನೊಂದು ಮನೆಯಲ್ಲಿ ನಡೆದಂತೆ ಕಾಣುತ್ತದಂತೆ. ಅದಕ್ಕೆ ಅವರು ಕಂಟಿನ್ಯೂಟಿ ಎನ್ನುತ್ತಿದ್ದರು.

ಅಪ್ಪ ಮಾತು ಕೊಟ್ಟರು. ಅರಮನೆಯಿಂದ ಕೆರೆಗೆ ಹಾರುವ ಕಾರುಗಳನ್ನು ಜೀವಮಾನವಿಡೀ ಸಹಿಸಿಕೊಂಡು ಬಂದ ಮನುಷ್ಯನಿಗೆ, ಒಂದಾದರೂ ಸಿನಿಮಾವನ್ನು ಆ ತಪ್ಪಿನಿಂದ ಕಾಪಾಡುವ ಅವಕಾಶ ಸಿಕ್ಕಿತ್ತು. ಸಿನಿಮಾದವರು ತೆಗೆದುಕೊಂಡ ಫೋಟೋಗಳು ಕಪ್ಪುಬಿಳುಪಿನವು. ಬಣ್ಣ ಹೇಗೆ ನೆನಪಿಡುತ್ತೀರಿ ಎಂದು ಕೇಳಿ, ಅವರ ಉತ್ತರಕ್ಕೆ ಕಾಯದೆ, ತಾವೇ ಒಂದು ನೋಟ್‌ಬುಕ್ ಹಿಡಿದು ಕೂತರು. ಮರುದಿನ ಮಧ್ಯಾಹ್ನದವರೆಗೆ ಬರೆದರು. ಒಂದು, ಹಿತ್ತಾಳೆ ಚೆಂಬು, ಕಂಬದಿಂದ ಎರಡು ಗೇಣು, ನೆಗ್ಗಿದ ಮೈ ಗೋಡೆಯ ಕಡೆ. ಎರಡು, ಜಮಖಾನ, ಹರಿದ ಮೂಲೆ ಅಡುಗೆಮನೆಯ ಕಡೆ. ಒಂಬತ್ತು, ಛತ್ರಿ, ಮೊಳೆಗೆ, ಹಿಡಿ ಒಳಮುಖ. ಹದಿನೇಳು, ಗೋಡೆಯ ಮೇಲೆ ಎಣ್ಣೆಗೈಯ ಗುರುತು, ನಾಲ್ಕು ಬೆರಳು, ಒರೆಸಕೂಡದು. ಹೀಗೆ ನಲವತ್ತು. ನಲವತ್ತೊಂದನೆಯದನ್ನು ಗಟ್ಟಿಯಾಗಿ ಓದಿದ್ದು ನನಗೆ ಅಕ್ಷರಶಃ ನೆನಪಿದೆ, ಪುಸ್ತಕ ಇಂದಿಗೂ ನನ್ನಲ್ಲಿದೆ. ‘ಮನೆಯಾಕೆ. ಅರಿಶಿನ ಬಣ್ಣದ ಸೀರೆ, ಮೆರೂನ್ ಅಂಚು. ಬಳೆ ಕೈಗೆ ಆರರಂತೆ ಹನ್ನೆರಡು, ಗಾಜು, ಹಸಿರು. ಎಳೆ ಮಾವಿನೆಲೆಯ ಹಸಿರಲ್ಲ, ಬಲಿತದ್ದರ ಹಸಿರು. ಕನಕಾಂಬರ ಒಂದು ಗೇಣು. ಕುಂಕುಮ, ಹುಬ್ಬುಗಳ ನಡುವೆ ಅಲ್ಲ, ಅವಳ ಎಡಕ್ಕೆ ಒಂದು ಅಕ್ಕಿಕಾಳಿನಷ್ಟು.’ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಅಮ್ಮ ಸೌಟು ಹಿಡಿದೇ ಹೊರಗೆ ಬಂದಳು.

“ಎಡಕ್ಕಿರುತ್ತಾ? ಇಷ್ಟು ವರ್ಷ ಹೇಳೇ ಇಲ್ಲವಲ್ಲ ನೀವು.”

“ಹೇಳಿದ್ರೆ ನೀನು ಸರಿ ಮಾಡ್ಕೊಂಡ್ಬಿಡ್ತಿದ್ದೆ” ಎಂದರು ಅಪ್ಪ, ಪುಸ್ತಕದಿಂದ ತಲೆಯೆತ್ತದೆ.

ಅಮ್ಮ ಒಂದು ಕ್ಷಣ ನಿಂತು ಒಳಗೆ ಹೋದಳು. ಒಗ್ಗರಣೆ ಸೀದುಹೋಗಿತ್ತು. ಅವತ್ತಿನ ಸಾರಿನ ಬಗ್ಗೆ ಅತ್ತೆಯೂ ಏನೂ ಹೇಳಲಿಲ್ಲ.

ಪಟ್ಟಿ ಹಿಡಿದು ಪ್ರತಿದಿನ ಸಂಜೆ ಒಂದು ಸುತ್ತು ಬರುವ ಕೆಲಸ ನನ್ನ ಪಾಲಿಗೆ ಬಂತು. ಶಾಲೆಯಿಂದ ಬಂದು ಕಾಫಿ ಕುಡಿದು ಒಂದನೆಯದರಿಂದ ಶುರು. ‘ಇರಬೇಕು ಅಂತ ನೋಡಬೇಡ, ಇರೋದನ್ನ ನೋಡು’ ಎಂದು ಅಪ್ಪ ಕಲಿಸಿದ್ದರು. ಮುಂದೆ ಮೂವತ್ತು ವರ್ಷ ಕಾಲ ಹಳೆಯ ತಾಳೆಗರಿಗಳ ಪಟ್ಟಿ ಮಾಡುವ ಕೆಲಸದಲ್ಲಿ ನನ್ನನ್ನು ನಿಲ್ಲಿಸಿದ್ದು ಆ ಒಂದು ಮಾತು. ಎರಡು ತಿಂಗಳು ಕಳೆದವು, ಅವರು ಬರಲಿಲ್ಲ. ಹಜಾರದ ಗೋಡೆಯ ಕ್ಯಾಲೆಂಡರಿನಲ್ಲಿ ಆ ಗುರುವಾರದ ಹಾಳೆ ಹಾಗೇ ಇತ್ತು. ನಮ್ಮ ದಿನಗಳಿಗೆಂದು ಅಡುಗೆಮನೆಯಲ್ಲಿ ಇನ್ನೊಂದು ಕ್ಯಾಲೆಂಡರು ಬಂತು. ಯುಗಾದಿಗೆ ಸುಣ್ಣ ಬಳಿಯಲಿಲ್ಲ. ನಡುಮನೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಲು ಅಪ್ಪ ಬಿಡಲಿಲ್ಲ. ಹಬ್ಬದ ದಿನ ಬರಿಬಾಗಿಲೇ ಎಂದು ಅತ್ತೆ ಎರಡು ಹೊತ್ತು ಊಟ ಬಿಟ್ಟರು, ಮೂರನೇ ಹೊತ್ತಿಗೆ ಒಬ್ಬಟ್ಟಿನ ಸಾರಿಗೆ ಮಣಿದರು. ಬೀದಿಯವರು ಅಪ್ಪನನ್ನು ಗೇಲಿ ಮಾಡುತ್ತಿದ್ದರು. ಎದುರುಮನೆಯವರು ದಿನವೂ ಜಗಲಿಯಿಂದಲೇ ‘ಮೇಷ್ಟ್ರೇ, ಇವತ್ತೂ ಗುರುವಾರಾನಾ?’ ಎಂದು ಕೇಳುವರು. ‘ನಮ್ಮನೇಲಿ ಗುರುವಾರವೇ ಕಣ್ರೀ’ ಎಂದು ಅಪ್ಪ ಗಂಭೀರವಾಗಿ ಹೇಳುವರು.

ಆಷಾಢದ ಮೊದಲ ಶುಕ್ರವಾರದ ಹಿಂದಿನ ದಿನ. ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಒಂಬತ್ತು ಗಂಟೆಗೆ ಹತ್ತು ನಿಮಿಷವಿತ್ತು. ಅಪ್ಪ ಶಾಲೆಗೆ ಹೊರಟು ಜಗಲಿಯ ಮೇಲಿದ್ದರು. ಬಲಗಾಲಿಗೆ ಚಪ್ಪಲಿ ಹಾಕಿದ್ದರು. ಎಡಗಾಲಿನದು ಮಗುಚಿಕೊಂಡಿತ್ತು. ಅದನ್ನು ಸರಿಮಾಡಲು ಬಗ್ಗಿದವರು ಜಗಲಿಯ ಅಂಚು ಹಿಡಿದು ಕೂತರು. ‘ಪುಟ್ಟೀ, ನೀರು’ ಎಂದರು. ದನಿ ಯಾವಾಗಿನಂತೆಯೇ ಇತ್ತು. ನಾನು ಹತ್ತಿರವಿದ್ದ ಹಿತ್ತಾಳೆ ಚೆಂಬನ್ನು ಎತ್ತಿಕೊಂಡೆ. ಅದು ಖಾಲಿ. ಐದೂವರೆ ತಿಂಗಳಲ್ಲಿ ಅದು ಜಾಗ ಬಿಟ್ಟು ಕದಲಿದ್ದು ಅದೇ ಮೊದಲು. ಅಡುಗೆಮನೆಗೆ ಹೋಗಿ ತುಂಬಿಸಿಕೊಂಡು ಬಂದಾಗ ಅಪ್ಪ ಗೋಡೆಗೆ ಒರಗಿದ್ದರು, ಕಣ್ಣು ತೆರೆದಿತ್ತು. ನೀರು ಬೇಗ ಬಂದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಡಾಕ್ಟರು ಅಮ್ಮನಿಗೆ ಹೇಳಿದರು. ಅಡುಗೆಮನೆಗೆ ಹೋಗಿಬರಲು ಹದಿನೆಂಟು ಹೆಜ್ಜೆ. ನಾನು ಇಂದಿಗೂ ಎಣಿಸಿಕೊಂಡೇ ಹೋಗುತ್ತೇನೆ.

ಹದಿಮೂರು ದಿನ ಮನೆತುಂಬ ಜನ. ಜಮಖಾನ ಎತ್ತಿದರು, ಪಟಗಳನ್ನು ಇಳಿಸಿದರು, ಯಾರೋ ಛತ್ರಿ ತೆಗೆದುಕೊಂಡು ಹೋಗಿ ತಂದಿಟ್ಟರು. ಹತ್ತನೇ ದಿನ ಹಿತ್ತಿಲಿನಲ್ಲಿ ಹೆಂಗಸರು ಅಮ್ಮನ ಸುತ್ತ ನಿಂತಿದ್ದರು, ನನ್ನನ್ನು ಬಿಡಲಿಲ್ಲ. ಗಾಜಿನ ಸದ್ದು ಮಾತ್ರ ಕೇಳಿತು. ಅದನ್ನೆಲ್ಲ ಮುಂದೆ ನಿಂತು ನಡೆಸಿದವರು ಅತ್ತೆ. ಅವರು ಕೆಟ್ಟವರಾಗಿರಲಿಲ್ಲ. ತಮಗೆ ಏನು ಮಾಡಿದ್ದರೋ ಅದರಷ್ಟೇ, ಅದಕ್ಕಿಂತ ಒಂದೆಳೆ ಹೆಚ್ಚಿಲ್ಲದಂತೆ ಮಾಡಿದರು. ಎಲ್ಲರೂ ಹೋದ ಮೇಲೆ, ಹದಿನಾಲ್ಕನೇ ದಿನದ ಸಂಜೆ, ನಾನು ಪುಸ್ತಕ ತೆಗೆದೆ. ಒಂದನೆಯದರಿಂದ ಶುರುಮಾಡಿ ಎಲ್ಲವನ್ನೂ ಇದ್ದಲ್ಲಿಗೆ ತಂದೆ. ಚೆಂಬು, ಎರಡು ಗೇಣು, ನೆಗ್ಗಿದ ಮೈ ಗೋಡೆಯ ಕಡೆ. ಅಪ್ಪನ ಗೇಣು ದೊಡ್ಡದು, ನನ್ನದು ಚಿಕ್ಕದು, ನನ್ನದರಲ್ಲಿ ಮೂರು ಎಂದು ಮೊದಲೇ ಲೆಕ್ಕ ಹಾಕಿಕೊಂಡಿದ್ದೆ. ನಲವತ್ತರವರೆಗೆ ಎಲ್ಲ ಸರಿಹೋಯಿತು. ನಲವತ್ತೊಂದನೆಯದರ ಮುಂದೆ ಬಂದು ನಿಂತೆ. ನಡುಮನೆಯ ಮೂಲೆಯಲ್ಲಿ ಅಮ್ಮ ಬಿಳಿಚಿದ ಸೀರೆಯುಟ್ಟು ಕೂತಿದ್ದಳು. ಪುಸ್ತಕ ಮುಚ್ಚಿದೆ.

ಭಾದ್ರಪದದಲ್ಲಿ, ಗೌರಿ ಹಬ್ಬ ಕಳೆದ ವಾರಕ್ಕೆ, ಶಿವರಾಜು ಬಂದರು. ಅವರಿಗೆ ಸುದ್ದಿ ಗೊತ್ತಿರಲಿಲ್ಲ. ಕೈಯಲ್ಲಿ ಫೋಟೋಗಳ ಲಕೋಟೆ ಹಿಡಿದು ‘ಮೇಷ್ಟ್ರೇ, ತಡ ಆಗ್ಬುಡ್ತು’ ಎನ್ನುತ್ತಲೇ ಹೊಸಿಲು ದಾಟಿದವರು ಅಮ್ಮನನ್ನು ಕಂಡು ನಿಂತುಬಿಟ್ಟರು. ಲಕೋಟೆಯನ್ನು ಬೆನ್ನ ಹಿಂದಕ್ಕೆ ಮಾಡಿಕೊಂಡರು. ಆಮೇಲೆ ಅವರ ಕಣ್ಣು ಹಜಾರದ ಸುತ್ತ ಹೋಯಿತು. ಚೆಂಬು, ಜಮಖಾನ, ಛತ್ರಿ, ನಾಲ್ಕು ಬೆರಳಿನ ಗುರುತು, ಆ ಗುರುವಾರ. ಅವರು ಜಗಲಿಗೆ ಹೋಗಿ ಕೂತರು. ಅಮ್ಮ ನನ್ನ ಕೈಯಲ್ಲಿ ಕಾಫಿ ಕಳಿಸಿ ತಾನು ಬಾಗಿಲಲ್ಲಿ ನಿಂತಳು.

“ನೀವು ತಿರುಗಿ ಬರೋ ಭಾಗ ತೆಗ್ಸಾಕ್ಬುಡ್ತೀವಿ ಕಣಮ್ಮ. ಡೈರೆಕ್ಟ್ರಿಗೆ ನಾನೇ ಹೇಳ್ತೀನಿ. ನಾಯಕಿ ಒಬ್ಳೇ ಇರೋ ಅಂಗೆ ಮತ್ತೆ ತೆಗುದ್ರಾಯ್ತು.”

“ಅವತ್ತು ನಾನು ಬಂದಿದ್ದು?”

“ಅದೂ ವೋಯ್ತದೆ. ಮುಂದಿನದು ಇಲ್ದೆ ಅದನ್ನ ಇಟ್ಕೊಳಕ್ಕಾಗಲ್ಲ.”

ಅಮ್ಮ ನನ್ನ ಕಡೆ ತಿರುಗಿ ಪುಸ್ತಕ ತರಲು ಹೇಳಿದಳು. ನಿಂತುಕೊಂಡೇ ಮೊದಲ ಪುಟದಿಂದ ಓದಿದಳು, ನಲವತ್ತೊಂದನ್ನೂ ಓದಿದಳು. ಅಲ್ಲಿ ಅವಳ ಬೆರಳು ತುಸು ಹೊತ್ತು ನಿಂತಿತು. ನಾಳೆ ಸಂಜೆ ಆರಕ್ಕೆ ಬನ್ನಿ, ಎಲ್ಲ ಬರೆದ ಹಾಗೇ ಇರುತ್ತದೆ ಎಂದು ಶಿವರಾಜುಗೆ ಹೇಳಿದಳು. ಅವರು ಬೇಡ ಎನ್ನಲು ಬಾಯಿ ತೆರೆದರು. ‘ಅವರು ಮಾತು ಕೊಟ್ಟಿದ್ದಾರೆ’ ಎಂದಳು. ಶಿವರಾಜು ಹೋದ ಮೇಲೆ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅತ್ತೆ ಹೊರಗೆ ಬಂದರು. ಕೂಗಾಡುತ್ತಾರೆಂದು ನಾನು ಹೆದರಿದ್ದೆ. ಅವರು ಅಮ್ಮನ ಎದುರು ನೆಲದ ಮೇಲೆ ಕೂತು ಮೆಲ್ಲಗೆ ಮಾತಾಡಿದರು.

“ನಾಟಕದ ವೇಷ ಅಂತಲೇ ಇಟ್ಕೋ ಶಾರದಾ. ಇಟ್ಕೊಂಡದ್ದನ್ನ ಮತ್ತೊಂದ್ಸಲ ತೆಗೀಬೇಕಲ್ಲ ಕಣೇ. ಒಂದ್ಸಲ ಸಾಲಲಿಲ್ವೇನೇ ನಿಂಗೆ?”

ಅಮ್ಮ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು. ನನಗೆ ಆ ಸಂಜೆಯಿಂದ ಅದೊಂದೇ ಭಯವಾಯಿತು. ಹಿತ್ತಿಲಿನ ಆ ಗಾಜಿನ ಸದ್ದು ಮತ್ತೊಮ್ಮೆ ಕೇಳಬೇಕಾಗುತ್ತದೆ. ಈ ಸಲ ಬೇರೆ ಯಾರೂ ಇರುವುದಿಲ್ಲ, ಅಮ್ಮನೇ ತನ್ನ ಕೈಯಾರೆ ಮಾಡಿಕೊಳ್ಳಬೇಕಾಗುತ್ತದೆ.

ಮರುದಿನ ಮಧ್ಯಾಹ್ನ ಸಿನಿಮಾದವರು ಒಂದು ಡಬ್ಬಿ ಬಳೆ ತಂದರು. ಅಮ್ಮ ಒಂದನ್ನು ಬೆಳಕಿಗೆ ಹಿಡಿದು ನೋಡಿ, ಇದು ಎಳೆಯದರ ಹಸಿರು ಎಂದು ಹಿಂದೆ ಕೊಟ್ಟಳು. ನಾನು ದೇವರಾಜ ಮಾರ್ಕೆಟ್ಟಿಗೆ ಓಡಿದೆ. ನಾವು ಯಾವಾಗಲೂ ಹೋಗುತ್ತಿದ್ದ ಅಂಗಡಿಯ ಮುದುಕ ‘ಯಾರಿಗೆ, ಮಗು?’ ಎಂದು ಕೇಳಿದ. ಅಮ್ಮನಿಗೆ ಎಂದೆ. ಅವನಿಗೆ ಅಪ್ಪ ಹೋದದ್ದು ಗೊತ್ತಿತ್ತು. ಬಲಿತ ಮಾವಿನೆಲೆಯ ಬಣ್ಣದ ಹನ್ನೆರಡನ್ನು ಒಂದೊಂದಾಗಿ ಉಗುರಿನಿಂದ ತಟ್ಟಿ, ಸೀಳಿಲ್ಲವೆಂದು ಸದ್ದಿನಿಂದ ನೋಡಿ, ಕಾಗದದಲ್ಲಿ ಸುತ್ತಿಕೊಟ್ಟ. ಐದೂವರೆಗೆ ಅಮ್ಮ ಅರಿಶಿನದ ಸೀರೆಯುಟ್ಟು ನಡುಮನೆಗೆ ಬಂದಳು. ಮುಖಕ್ಕೆ ಬಣ್ಣ ಹಚ್ಚುವವನು ಕುಂಚ ಹಿಡಿದು ಬಂದ. ಅವನನ್ನು ಕಳಿಸಿ ತಾನೇ ಭರಣಿಗೆ ಬೆರಳದ್ದಿದಳು. ಕನ್ನಡಿಯಿಲ್ಲದೆ ಹಣೆಗೆ ಒತ್ತಿದಳು. ಶಿವರಾಜು ಫೋಟೋ ನೋಡಿದರು, ಅಮ್ಮನ ಮುಖ ನೋಡಿದರು, ನನ್ನನ್ನು ನೋಡಿದರು. ಕುಂಕುಮ ಹುಬ್ಬುಗಳ ನಡುವೆ ನೇರಕ್ಕೆ ಕೂತಿತ್ತು. ಅಮ್ಮ ಒರೆಸಿ ಮತ್ತೆ ಇಟ್ಟಳು. ಮತ್ತೆ ನಡುವೆ. ಯೋಚನೆಯಿಲ್ಲದೆ ಇಟ್ಟುಕೊಂಡಷ್ಟು ಕಾಲ ಅದು ಎಡಕ್ಕೆ ಹೋಗುತ್ತಿತ್ತು. ಈಗ ಕೈ ಯೋಚಿಸುತ್ತಿತ್ತು. ಮೂರನೇ ಸಲ ನಾನು ಅವಳ ಮಣಿಕಟ್ಟು ಹಿಡಿದು ಒಂದು ಅಕ್ಕಿಕಾಳಿನಷ್ಟು ಸರಿಸಿದೆ. ಅತ್ತೆ ಹಿತ್ತಿಲಿಗೆ ಹೋಗಿ ನಮಗೆ ಬೆನ್ನು ಮಾಡಿ ಕೂತಿದ್ದರು.

ಅಮ್ಮ ಒಂದೇ ಸಲ ಮಾಡಿದಳು, ಎರಡನೇ ಸಲ ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ದೀಪದ ಮುಂದಿನಿಂದ ತಿರುಗಿದಳು. ಗಿಂಡಿ ಎಡಗೈಯಲ್ಲಿ. ನಾಲ್ಕು ಹೆಜ್ಜೆ ನಡೆದು ನಾಯಕಿಯ ಹೆಗಲ ಮೇಲೆ ಬಲಗೈ ಇಟ್ಟಳು, ಬಳೆ ಸದ್ದಾಯಿತು, ಒಳಗೆ ಹೋದಳು. ನಿರ್ದೇಶಕರು ಸಾಕು ಎಂದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಸರಿಯಿತ್ತೇ ಎಂದು ಕೇಳಿದ್ದು ನನ್ನನ್ನು. ನಾನು ಪುಸ್ತಕ ಹಿಡಿದುಕೊಂಡು ಕ್ಯಾಮೆರಾದ ಹಿಂದೆ, ಅಪ್ಪ ಕೈಕಟ್ಟಿ ನಿಂತಿದ್ದ ಜಾಗದಲ್ಲೇ ನಿಂತಿದ್ದೆ. ಎಲ್ಲ ಸರಿಯಿತ್ತು ಎಂದೆ.

ಮುಂದೆ ಆ ಸಿನಿಮಾ ಬಂದಾಗ ಅಗ್ರಹಾರದ ಅರ್ಧ ಜನ ಒಂದೇ ಆಟಕ್ಕೆ ಹೋಗಿದ್ದೆವು. ಹಜಾರ ಕಂಡ ಕೂಡಲೇ ಎದುರುಮನೆಯವರು ಎದ್ದು ನಿಂತು ‘ನಮ್ಮ ಮೇಷ್ಟ್ರ ಮನೆ’ ಎಂದು ಕೂಗಿದರು. ಥಿಯೇಟರೆಲ್ಲ ಚಪ್ಪಾಳೆ ತಟ್ಟಿತು. ನಾನು ಕಣ್ಣು ಮಿಟುಕಿಸದೆ ಕಾದಿದ್ದೆ. ಅಮ್ಮ ಬಂದಳು, ಎಣ್ಣೆ ಹಾಕಿದಳು, ಬೆರಳು ತಲೆಗೂದಲಿಗೆ ಒರೆಸಿಕೊಂಡಳು, ತಿರುಗಿದಳು, ನಡೆದಳು. ಆ ತಿರುಗುವಿಕೆಗೂ ಮೊದಲ ಹೆಜ್ಜೆಗೂ ನಡುವೆ ಎಂಟು ತಿಂಗಳು. ಅವಳು ತಿರುಗಿದಾಗ ಎದುರಿಗೆ ಅಪ್ಪ ಇದ್ದರು. ಹೆಜ್ಜೆಯಿಟ್ಟಾಗ ಇರಲಿಲ್ಲ. ಎಷ್ಟು ಸಲ ನೋಡಿದರೂ ನನಗೆ ಆ ಬೆಸುಗೆ ಕಂಡಿಲ್ಲ. ಜಾಗ ಹುಡುಕಿಕೊಂಡು ಬರುವ ಮಕ್ಕಳು ಅದನ್ನು ಎಷ್ಟೇ ದೊಡ್ಡದು ಮಾಡಿ ನೋಡಿದರೂ ಕಾಣುವುದಿಲ್ಲ. ಅಪ್ಪನ ಕೆಲಸ ಅಷ್ಟು ಅಚ್ಚುಕಟ್ಟು. ಮೈಸೂರಿನಲ್ಲಿ ತೆಗೆದ ಎಷ್ಟೋ ಸಿನಿಮಾಗಳಲ್ಲಿ ಕಾರುಗಳು ಇವತ್ತಿಗೂ ಅರಮನೆಯಿಂದ ಕೆರೆಗೆ ಹಾರುತ್ತವೆ. ನಮ್ಮ ಮನೆಯಲ್ಲಿ ಒಂದು ಚೆಂಬೂ ಜಾಗ ಬಿಟ್ಟಿಲ್ಲ.

ಥಿಯೇಟರಿನ ಮಾತು ಆಮೇಲಿನದು. ಆ ಸಂಜೆ ಸಿನಿಮಾದವರು ವೈರು ಸುತ್ತಿಕೊಂಡು ಹೊರಟ ಮೇಲೆ, ಇನ್ನು ಬೇಕಾದ್ದನ್ನು ಬದಲಾಯಿಸಿಕೊಳ್ಳಿ ಎಂದು ಶಿವರಾಜು ನನಗೆ ಹೇಳಿಹೋದರು. ನಾನು ಹಜಾರದ ಕ್ಯಾಲೆಂಡರಿನ ಮುಂದೆ ಸ್ಟೂಲು ಹಾಕಿಕೊಂಡು ಹಾಳೆಗಳನ್ನು ಒಂದೊಂದಾಗಿ ಹರಿಯತೊಡಗಿದೆ. ಕಂತೆಯಾಗಿ ಹರಿಯಲು ಮನಸ್ಸು ಬರಲಿಲ್ಲ. ಆಷಾಢದ ಆ ಹಾಳೆಯನ್ನು ಮಡಿಸಿ ಪುಸ್ತಕದೊಳಗಿಟ್ಟೆ. ಅತ್ತೆ ಬಚ್ಚಲ ಬಾಗಿಲಿನಲ್ಲಿ ಬಿಸಿನೀರು ಬೆರೆಸಿಟ್ಟು, ಒದ್ದೆ ಬಟ್ಟೆಯೊಂದನ್ನು ಹಿಂಡಿ ಹಿಡಿದುಕೊಂಡು ನಿಂತಿದ್ದರು. ಈ ಸಲ ಅವಳೊಬ್ಬಳನ್ನೇ ಬಿಡಬಾರದೆಂದು ನಿಂತಿದ್ದರು ಎಂದು ನನಗೆ ಈಗ ತಿಳಿಯುತ್ತದೆ. ಅಮ್ಮ ಅವರ ಪಕ್ಕದಿಂದ ಹೋಗಿ ಕೈಕಾಲು ಮಾತ್ರ ತೊಳೆದುಕೊಂಡಳು. ಅಡುಗೆಮನೆಗೆ ಬಂದು ಒರಳಿನ ಮುಂದೆ ಕೂತು ಚಟ್ನಿಗೆ ಕಾಯಿ ಹಾಕಿ ರುಬ್ಬತೊಡಗಿದಳು. ಎರಡು ತಿಂಗಳ ಮೇಲೆ ಮನೆಯಲ್ಲಿ ಬಳೆಯ ಸದ್ದು, ಗುಂಡಿನ ಸುತ್ತಿಗೊಮ್ಮೆ. ಅತ್ತೆ ಬಟ್ಟೆ ಹಿಡಿದೇ ಬಾಗಿಲಿಗೆ ಬಂದರು.

“ತೆಗೆಯಲ್ವೇನೇ?”

“ಅವರು ಬರೆದಿಟ್ಟಿದ್ದನ್ನ ನಾನ್ಯಾಕೆ ಅಳಿಸಲಿ ಅಕ್ಕ?” ಅಮ್ಮ ಗುಂಡು ತಿರುಗಿಸುವುದನ್ನು ನಿಲ್ಲಿಸಲಿಲ್ಲ.

ಅತ್ತೆ ಆ ಬಟ್ಟೆಯನ್ನು ಹಿತ್ತಿಲಿನಲ್ಲಿ ಒಣಹಾಕಿದರು. ಊಟಕ್ಕೆ ಬರಲಿಲ್ಲ. ಮರುದಿನ ಬೆಳಿಗ್ಗೆ ನಾನೆದ್ದು ಬಂದಾಗ ಅವರು ಅಡುಗೆಮನೆಯ ಗೋಡೆಗೊರಗಿ ಕಾಫಿಗೆ ಕಾಯುತ್ತಿದ್ದರು. ಬಚ್ಚಲಿನಿಂದ ಬಂದ ಅಮ್ಮ ಭರಣಿಗೆ ಬೆರಳದ್ದಿದಳು, ಹಣೆಗೆ ಒತ್ತಿದಳು, ಒಲೆಯ ಮುಂದೆ ಕೂತಳು. ಕುಂಕುಮ ಮತ್ತೆ ಹುಬ್ಬುಗಳ ನಡುವೆಯೇ ಕೂತಿತ್ತು. ಅತ್ತೆ ಅವಳ ಮುಖವನ್ನೇ ನೋಡಿದರು. ಇಬ್ಬರ ನಡುವೆ ಇನ್ನೇನಾಗುತ್ತದೋ ಎಂದು ನಾನು ಹೊಸಿಲಲ್ಲೇ ನಿಂತೆ. ಅಮ್ಮ ಡಿಕಾಕ್ಷನ್ನು ಬಗ್ಗಿಸಿ, ಹಾಲು ಹಾಕಿ, ಲೋಟವನ್ನು ಅವರ ಮುಂದೆ ಇಟ್ಟಳು. ಅತ್ತೆ ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದರು.

“ಎಡಕ್ಕೆ ಕಣೇ” ಎಂದರು.

ಅಮ್ಮ ಬೆರಳಿನಿಂದ ಸರಿಮಾಡಿಕೊಂಡಳು.